ನಿಶಾಪುರದ ಹದಿನೇಳು ಲಕ್ಷ

ಅಥಣಿಯ ಬಟ್ಟೆ ಅಂಗಡಿಯ ಧರಣೇಂದ್ರ ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡದ್ದು ಎಂಬತ್ತಾರನೇ ಇಸವಿಯಲ್ಲಿ, ಅದೂ ಒಂದು ಪುಸ್ತಕದಿಂದ. ವಾಚನಾಲಯದಿಂದ ಚಂಗೀಸ್ ಖಾನನ ಇತಿಹಾಸ ತಂದಿದ್ದ. ತಂದವನು ಸುಮ್ಮನೆ ಓದಿಕೊಳ್ಳಬಾರದೇ? ಜೈನರ ದಶಲಕ್ಷಣ ಪರ್ವದ ಹತ್ತು ದಿನ ಒಪ್ಪತ್ತು ಮಾಡುತ್ತಿದ್ದ ಹೆಂಡತಿ ರಾಜಮತಿ ಜೋಳ ಹಸನು ಮಾಡುತ್ತಿದ್ದಾಗ, ದನಿ ಏರಿಸಿ ಅವಳಿಗೂ ಓದಿ ಹೇಳಿದ.

ನಿಶಾಪುರವೆಂಬ ಊರಿನವರ ಬಾಣಕ್ಕೆ ಖಾನನ ಅಳಿಯ ಸತ್ತನಂತೆ. ಗಂಡನನ್ನು ಕಳೆದುಕೊಂಡ ಮಗಳು ಊರಿಗೆ ಊರನ್ನೇ ಕೊಲ್ಲಿಸಿದಳಂತೆ. ಸತ್ತವರು ಹದಿನೇಳು ಲಕ್ಷ. ಮೊರದಿಂದ ಕಣ್ಣೆತ್ತದೆ ರಾಜಮತಿ, "ಬರೋಬರಿ ಮಾಡಿದ್ಲು" ಎಂದು ಮೆಚ್ಚಿಬಿಟ್ಟಳು. ಅವರ ಮಗಳು ಸುಂದರಾಳ ಗಂಡನ ಮೇಲೆ ಹೋದ ವರ್ಷ ಲಾರಿಯೊಂದು ಹಾಯ್ದು, ಅವನನ್ನು ಕೊಂದು, ನಿಲ್ಲದೆ ಹೋಗಿತ್ತು. ಲಾರಿ ಯಾರದೆಂದು ಇನ್ನೂ ಗೊತ್ತಾಗಿರಲಿಲ್ಲ.

ಪರ್ವ ಮುಗಿದು ಬಸದಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡರು. ರಾಜಮತಿ ಮಾತ್ರ ಕಡೆಯ ದಿನದ ಉಪವಾಸ ಬಿಡಲಿಲ್ಲ. ಕೊಂದರೂ, ಕೊಲ್ಲಿಸಿದರೂ, ಕೊಂದದ್ದನ್ನು ಮೆಚ್ಚಿದರೂ ಪಾಪ ಒಂದೇ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು.

"ಅಷ್ಟು ಮಂದಿ ಖರೇನ ಸತ್ತಾರೋ, ಪುಸ್ತಕದವ್ರು ಸುಳ್ಳ ಬರದಾರೋ ತಿಳಕೊಂಡ ಬರ್ರಿ. ಸತ್ತಿದ್ರ ನಾ ಅವ್ರ ಕ್ಷಮಾ ಕೇಳಬೇಕು. ಅಲ್ಲೀತನಾ ತುತ್ತ ಮುಟ್ಟಂಗಿಲ್ಲ."

ಜೈನರ ಪದ್ಧತಿಯಂತೆ ಹೊತ್ತು ಮುಳುಗಿದ ಮೇಲೆ ಅವಳು ಹೇಗೂ ಉಣ್ಣುವುದಿಲ್ಲ, ಅಷ್ಟರೊಳಗೆ ಉತ್ತರ ತರಬೇಕು. ಧರಣೇಂದ್ರ ಗಾಬರಿಯಾಗಿ ಕಾಗವಾಡದ ಬಸ್ಸು ಹಿಡಿದ. ಅಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಭಾವುಸಾಹೇಬ ಮಾಸ್ತರರಿದ್ದರು. ಅವರ ಬಳಿಯ ಮರಾಠಿ ಪುಸ್ತಕದಲ್ಲಿ ಲಕ್ಷದ ಮಾತೇ ಇರಲಿಲ್ಲ, 'ಅಸಂಖ್ಯ' ಎಂದಷ್ಟೇ ಇತ್ತು. ಮಾಸ್ತರರು ನಕ್ಕರು. ನಮ್ಮ ಇಡೀ ತಾಲೂಕಿನವರನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ, ಆ ಕಾಲದ ಒಂದು ಊರು ಅಷ್ಟು ಜನಕ್ಕೆ ನೀರು ಎಲ್ಲಿಂದ ತಂದೀತು ಎಂದು ಕೇಳಿದರು. ಸೋತವರು ದುಃಖಕ್ಕೆ ಹೆಚ್ಚು ಹೇಳುತ್ತಾರೆ, ಗೆದ್ದವರು ಜಂಬಕ್ಕೆ, ಪುಸ್ತಕ ಮಾರುವವರು ಇಬ್ಬರದನ್ನೂ ಸೇರಿಸುತ್ತಾರೆ ಎಂದರು.

ಹಾಗಾದರೆ ಸುಳ್ಳು ಅಂತ ಹೇಳಿಬಿಡಲೇ ಎಂದು ಧರಣೇಂದ್ರ ಹಿಗ್ಗಿದ.

"ಲೆಕ್ಕ ಸುಳ್ಳಪಾ. ಮಂದಿ ಸತ್ತದ್ದು ಸುಳ್ಳಲ್ಲ," ಅಂದರು ಮಾಸ್ತರರು. ಇನ್ನು ಖಾನನ ಆ ಮಗಳ ಕತೆ, ಅದನ್ನು ಕಂಡವರಾರು, ಬರೆದವರಾರು, ತಮಗೂ ಬಗೆಹರಿದಿಲ್ಲವೆಂದು ಕೈಯಾಡಿಸಿದರು.

ಬಸ್ಸಿನಲ್ಲಿ ಧರಣೇಂದ್ರ ಅದನ್ನೇ ತಿರುವಿ ಹಾಕಿದ. ಅರ್ಧ ಖರೆ, ಅರ್ಧ ಸುಳ್ಳು. ಹಸಿದು ಕೂತವಳಿಗೆ ಇದನ್ನು ಹೇಗೆ ಹೇಳುವುದು? ಇನ್ನೂ ಹೊತ್ತಿರುವಾಗಲೇ ಮನೆ ಹೊಕ್ಕವನು, ಎಲ್ಲಾ ಸುಳ್ಳಂತೆ, ಯಾರೂ ಸತ್ತಿಲ್ಲವಂತೆ ಎಂದುಬಿಟ್ಟ.

ರಾಜಮತಿ ಕೂತಲ್ಲಿಂದಲೇ ತಲೆ ಅಲ್ಲಾಡಿಸಿದಳು.

"ನಾ ಬರೋಬರಿ ಅಂದದ್ದು ಸುಳ್ಳಲ್ಲಲ್ರಿ. ಆಗ ನನ್ನ ಕಣ್ಣಮುಂದ ನಿಶಾಪುರ ಇರಲಿಲ್ಲ. ಆ ಲಾರಿಯವನ ಊರಿತ್ತು. ಅವನ ಹೆಂಡ್ತಿ, ಮಕ್ಕಳು ಎಲ್ಲಾರೂ ಇದ್ರು."

ಎದ್ದು ಬಾಗಿಲಿಗೆ ಬಂದು ರಸ್ತೆಯ ಕಡೆ ಕೈಮುಗಿದು ಕ್ಷಮೆ ಕೇಳಿದಳು. ಕ್ಷಮೆ ಕೇಳಬೇಕಾದವನು ಆ ಲಾರಿಯವನಲ್ಲವೇ ಎಂಬ ಮಾತು ಧರಣೇಂದ್ರನ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಎರಡು ತಾಟಿಗೆ ರೊಟ್ಟಿ ಹಾಕಿ, ತನ್ನದನ್ನು ಮುರಿದು ಉಂಡಳು. ಹದಿನೇಳು ಲಕ್ಷ ಎಂದು ಓದುವಾಗ ತನ್ನ ದನಿ ಏಕೆ ಏರಿತ್ತೆಂದು ಅವನಿಗೆ ಆಗ ತಿಳಿಯಿತು. ಲಾರಿಯವನ ಊರು ಅವನ ಕಣ್ಣಮುಂದೆಯೂ ಇತ್ತು. ಕೈಯಲ್ಲಿದ್ದ ತುತ್ತನ್ನು ಅವನು ತಾಟಿಗೇ ಇಟ್ಟ.