ಹೊರಗಿನ ಡಬ್ಬಕ್ಕೆ ಹೊದಿಸಿದ ಗೋಣಿ

ಚಳಿ ಬಿತ್ತೆಂದರೆ ಬೂದಿಗೆರೆ ಸುತ್ತಿನ ರೇಷ್ಮೆ ಸಾಕುವವರ ಬಾಯಲ್ಲಿ ಒಂದೇ ಗೋಳು: ಹುಳು ಸೊಪ್ಪು ಮುಟ್ಟುತ್ತಿಲ್ಲ. ಅದಕ್ಕೆ ಮಾಡುವ ಉಪಾಯವೂ ಒಂದೇ. ಹುಳುಮನೆಯಲ್ಲಿ ಕೆಂಪಗೆ ಕಾಯುವ ಕಾಯಿಲ್ ಹೀಟರ್ ಇಡುವುದು, ಸಾಲದೆ ಬಂದರೆ ಇದ್ದಿಲ ಒಲೆ ಹಚ್ಚುವುದು. ಮೀಟರು ಓಡುತ್ತದೆ, ಮನೆಯವರು ಕೆಮ್ಮುತ್ತಾರೆ. ಮುಂದಿನ ಚಳಿಗೆ ಮತ್ತೆ ಅದೇ. ಹೇಳಿ ಹೇಳಿ ಬಾಯಿ ನೋಯುತ್ತದೆ.

ರಾಮಾಂಜಿನಪ್ಪನ ಹೆಂಡತಿ ಮುನಿವೆಂಕಟಮ್ಮ ಹೋದ ಬೆಳೆಯಲ್ಲಿ ಆ ಇದ್ದಿಲ ಹೊಗೆಗೆ ತಲೆ ಸುತ್ತಿ ಸೊಪ್ಪಿನ ರಾಶಿಯ ಮೇಲೇ ಬಿದ್ದಿದ್ದಳು. ಆಮೇಲೆ ಹಟ ಹಿಡಿದು, ಪಕ್ಕದ ತೋಟದ ಮಮತಳ ಮಾತು ಕೇಳಿ, ಅವಳ ಹುಳುಮನೆಯಲ್ಲಿ ಇರುವಂಥದ್ದೇ ಎಸಿ ಹಾಕಿಸಿದಳು. ಅದು ಬೇಸಿಗೆಯಲ್ಲಿ ತಂಪು ಕೊಡುತ್ತದೆ, ಚಳಿಯಲ್ಲಿ ಬಿಸಿ ಕೊಡುತ್ತದೆ. ರಾಮಾಂಜಿನಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ.

ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವ ಎರಡನೇ ಜ್ವರ ಕಳೆದು, ಹಸಿದು ಏಳಬೇಕಾದ ಬೆಳಿಗ್ಗೆ ರಾಮಾಂಜಿನಪ್ಪ ಮಮತಳ ಬಾಗಿಲಿಗೇ ಬಂದ.

"ನಿನ್ನ ಮಾತು ಕೇಳಿ ಕೆಟ್ಟೆ ಕಣಮ್ಮ! ಬಿಸಿ ನಿಂತೋಗಿದೆ. ಹುಳು ತಲೆ ಎತ್ತಿಲ್ಲ, ಬೆಳೆ ಹೋಗುತ್ತೆ. ಹಳೇ ಹೀಟರ್ ಇಡ್ತೀನಿ ಅಂದ್ರೆ ನಿಮ್ಮಕ್ಕ ಬಾಗಿಲಿಗೆ ಅಡ್ಡ ಕೂತವ್ಳೆ."

"ನಮ್ಮನೇಲಿ ನಡೀತಿರೋದು ನಿಮ್ಮನೇಲಿ ಯಾಕಣ್ಣ ನಿಲ್ಲುತ್ತೆ? ಏನ್ ಮಾಡ್ದೆ?"

"ನಾನೇನ್ ಮಾಡ್ಲಿ!"

ಮಮತ ಅವನ ಜೊತೆ ಹೋಗಿ ಅವರ ಹುಳುಮನೆಯ ಹಿಂದೆ ನೋಡಿದಳು. ಎಸಿಯ ಹೊರಗಿನ ಡಬ್ಬಕ್ಕೆ ಎರಡು ಗೋಣಿಚೀಲ ಹೊದಿಸಿ, ಹಗ್ಗದಲ್ಲಿ ಬಿಗಿದು ಕಟ್ಟಿತ್ತು.

"ಇದ್ಯಾರ ಕೆಲಸ?"

"ನಂದೇ. ಒಳಗೆ ಬಿಸಿ ಮಾಡು ಅಂದ್ರೆ ಹೊರಗೆ ತಣ್ಣನೆ ಗಾಳಿ ಬಿಡ್ತಿತ್ತು. ಚಳಿ ಹಿಡ್ದಿದೆ ಅಂತ ಹೊದಿಸ್ದೆ. ಕರೂಗೆ ಹೊದಿಸಲ್ವಾ?"

ಮಮತ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ನಿನ್ನ ಬೋರ್‌ವೆಲ್ ಮೋಟರು ನೀರು ತಯಾರು ಮಾಡುತ್ತೇನಣ್ಣ?"

"ಇಲ್ಲ. ಕೆಳಗಿರೋದನ್ನ ಎತ್ತುತ್ತೆ."

"ಇದೂ ಅಷ್ಟೇ. ಹೊರಗಿನ ಗಾಳಿಯಲ್ಲಿರೋ ಶಾಖ ಎತ್ತಿ ಒಳಗೆ ಹಾಕುತ್ತೆ. ಶಾಖ ಕಳಕೊಂಡ ಗಾಳಿ ತಣ್ಣಗೆ ಹೊರಗೆ ಬರುತ್ತೆ. ನೀನು ಬೋರಿನ ಬಾಯಿಗೇ ಗೋಣಿ ತುರುಕಿದ್ದೀಯ!"

"ಈ ಚಳೀಲಿ ಎಲ್ಲಮ್ಮ ಶಾಖ?"

"ಫ್ರಿಜ್ ಒಳಗೆ ತಣ್ಣಗಿದ್ರೂ ಅದರ ಹೊರಮೈ ಬಿಸಿ ಇರಲ್ವಾ? ಆ ಬಿಸಿ ಒಳಗಿಂದಾನೇ ಎತ್ತಿದ್ದು. ನಿನ್ನ ಕಾಯಿಲ್ ಹೀಟರ್ ಒಂದು ಯೂನಿಟ್ ಕರೆಂಟ್ ತಿಂದು ಒಂದು ಯೂನಿಟ್ ಶಾಖ ಕೊಡುತ್ತೆ. ಇದು ಅದೇ ಒಂದು ಯೂನಿಟ್ಟಿಗೆ ಹೆಚ್ಚುಕಮ್ಮಿ ಮೂರು ಯೂನಿಟ್ ಶಾಖ ತರುತ್ತೆ. ಕರೆಂಟು ಬರೀ ಸಾಗಿಸೋ ಕೂಲಿ."

ಗೋಣಿ ಬಿಚ್ಚಿದರು. ಒಳಗೆ ಹತ್ತೊಂಬತ್ತು ತೋರಿಸುತ್ತಿದ್ದ ಥರ್ಮಾಮೀಟರ್ ನಿಧಾನಕ್ಕೆ ಏರಿ ಇಪ್ಪತ್ತಾರಕ್ಕೆ ಬಂತು. ಮುನಿವೆಂಕಟಮ್ಮ ಅದೇ ಗೋಣಿಯನ್ನು ಕಿತ್ತುಕೊಂಡು, ತೊಳೆದು ಹಿಂಡಿ, ಹುಳುಮನೆಯೊಳಗೆ ನೇತುಹಾಕಿದಳು.

"ಎಸಿ ಗಾಳಿ ಒಣಗಿಸುತ್ತೆ. ಸೊಪ್ಪು ಬಾಡದ ಹಾಗೆ ಒದ್ದೆ ಗೋಣಿ ಬೇಕಿದ್ದಿದ್ದು ಇಲ್ಲಿ. ಈಯಪ್ಪಂಗೆ ಸಾವಿರ ಸಲ ಹೇಳ್ದೆ."

ಸಣ್ಣಗೆ ಹೆಚ್ಚಿದ ಸೊಪ್ಪು ಹಾಕಿದಳು. ಮೂವರೂ ತಟ್ಟೆಯ ಮೇಲೆ ಬಗ್ಗಿದರು. ಒಂದು ಹುಳು ತಲೆ ಆಡಿಸಿತು. ಪಕ್ಕದ್ದೂ ಆಡಿಸಿತು. ಸ್ವಲ್ಪ ಹೊತ್ತಿಗೆ ಎಲೆಯ ಅಂಚೆಲ್ಲ ತೂತು ಬಿತ್ತು.

ರಾಮಾಂಜಿನಪ್ಪ ತಲೆ ಕೆರೆದುಕೊಂಡ. "ಹಳೇ ಹೀಟರ್ ಯಾರಿಗಾದ್ರೂ ಕೊಟ್ಬಿಡ್ಲಾ?"

"ನಮಗೆ ಆಗದವರಿದ್ರೆ ಕೊಡು," ಎಂದಳು ಮುನಿವೆಂಕಟಮ್ಮ.

ರೇಷ್ಮೆ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಕಿವಿಗೊಟ್ಟು ಕೇಳಿ. ಅಂಗಡಿಯಲ್ಲಿ ಬರೀ ತಂಪು ಮಾಡುವ ಎಸಿಯನ್ನೇ ಸಾಗಹಾಕಲು ನೋಡುತ್ತಾರೆ. ಬಿಸಿ, ತಂಪು ಎರಡೂ ಕೊಡುವುದೇ ಬೇಕೆಂದು ಬಾಯಿಬಿಟ್ಟು ಕೇಳಿ, ಕರೆಂಟು ಕಮ್ಮಿ ತಿನ್ನುವ, ಹೆಚ್ಚು ಸ್ಟಾರ್ ಗುರುತಿನದನ್ನು ನೋಡಿ ತನ್ನಿ. ಹುಳುವಿಗೆ ಬೇಕಾದಷ್ಟೇ ಬಿಸಿ ಇಡಿ. ಸೊಪ್ಪು ಹಾಕುವಾಗ ಸ್ವಲ್ಪ ಹೊಸ ಗಾಳಿ ಬಿಡಿ. ಹೊರಗಿನ ಡಬ್ಬದ ಮುಂದೆ ಸೊಪ್ಪಿನ ಕಡ್ಡಿ ಒಟ್ಟಬೇಡಿ, ಬಟ್ಟೆ ಒಣಹಾಕಬೇಡಿ. ಹೊದಿಸಲೇಬೇಕು ಅಂತ ಕೈ ತುರಿಸಿದರೆ, ಹಟ್ಟಿಯಲ್ಲಿ ಕರು ನಡುಗುತ್ತಿದೆ, ಅದಕ್ಕೆ ಹೊದಿಸಿ ಬನ್ನಿ.