ಕೆಂಪಕ್ಕನ ಇಪ್ಪತ್ತೈದು

“ಬರೀ, ಅದಕ್ಕೂ ಮೂರು ಬರೀ,” ಅಂದಳು ಕೆಂಪಕ್ಕ, ಎರಡನೇ ಮುದ್ದೆಯನ್ನು ಮುರಿದು ಸಾರಿಗೆ ಅದ್ದುತ್ತಾ.

ಶೈಲಾ ಫೋನಿನಿಂದ ತಲೆಯೆತ್ತಿದಳು. ಅವಳು ಕೇಳಿದ್ದು ಊಟ ಸೇರುತ್ತಿಲ್ಲವೇ ಎಂದು. ಬಿಳಿಚೋಡಿನಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿದ್ದವಳಿಗೆ ಬಸುರಿಯರ ತೂಕ, ಮಕ್ಕಳ ಲಸಿಕೆ ಬರೆದು ಅಭ್ಯಾಸವಿತ್ತು. ಈ ಸಲ ಮೇಲಿನವರು ಜನರ ಮನಸ್ಸನ್ನೂ ಲೆಕ್ಕ ಹಾಕಿಕೊಂಡು ಬಾ ಎಂದಿದ್ದರು. ಒಂಬತ್ತು ಪ್ರಶ್ನೆ. ಹದಿನೈದು ದಿನದಲ್ಲಿ ಒಮ್ಮೆಯೂ ಹಾಗಾಗಿಲ್ಲವೆಂದರೆ ಸೊನ್ನೆ, ದಿನವೂ ಆದರೆ ಮೂರು. ಕೂಡಿದ್ದು ಹೆಚ್ಚಾದಷ್ಟೂ ಮನಸ್ಸು ಕೆಟ್ಟಿದೆ ಎಂದರ್ಥ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಬಂದ ಒಬ್ಬರಿಗೆ ಗುರುವಾರ ಜಗಳೂರಿನಲ್ಲಿ ಆಪ್ತ ಸಮಾಲೋಚಕಿಯ ಭೇಟಿ. ಆ ಒಂದು ಜಾಗವನ್ನು ಶೈಲಾ ಮನಸ್ಸಿನಲ್ಲೇ ಪುಷ್ಪಾಳಿಗೆಂದು ತೆಗೆದಿಟ್ಟಿದ್ದಳು.

ಪುಷ್ಪಾ ಈ ಕೆಂಪಕ್ಕನ ಸೊಸೆ. ಒಂದೂವರೆ ತಿಂಗಳ ಹಿಂದೆ ಹೆತ್ತ ಕೂಸು ನಾಲ್ಕನೇ ದಿನಕ್ಕೆ ಹೋಯಿತು. ಅಂದಿನಿಂದ ಹುಡುಗಿ ತಲೆಗೆ ಎಣ್ಣೆ ಮುಟ್ಟಿಸಿಲ್ಲ. ಕೊಟ್ಟಿಗೆಯ ಗೋಡೆಗೆ ಒರಗಿ ಕೂತರೆ ಯಾರಾದರೂ ಎಬ್ಬಿಸಬೇಕು. ಹಿಂದಿನ ದಿನ ಅವಳನ್ನು ಕೇಳಿದಾಗ ಒಂಬತ್ತಕ್ಕೂ ಒಂದೇ ಉತ್ತರ: “ಹಂಗೇನಿಲ್ಲ ರೀ.” ಒಟ್ಟು ಸೊನ್ನೆ. ಫೋನು ಹಸಿರು ತೋರಿಸಿ, ಇವರು ಚೆನ್ನಾಗಿದ್ದಾರೆ ಎಂದಿತು. ಕಣ್ಣಾರೆ ಕಂಡದ್ದನ್ನು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಶೈಲಾಳಿಗೆ ಅದನ್ನು ಬಾವಿಗೆ ಒಗೆಯುವಷ್ಟು ಸಿಟ್ಟು ಬಂದಿತ್ತು.

“ಅಜ್ಜಿ, ಉಣ್ಣೋದು ಎರಡು ಮುದ್ದೆ. ಊಟ ಸೇರಲ್ಲ ಅಂತ ಹೆಂಗೆ ಬರೀಲಿ?”

“ನೀ ಕೇಳ್ದೆ, ನಾ ಹೇಳ್ದೆ. ಮುಂದಿಂದು ಕೇಳು.”

“ನಿದ್ದೆ?”

“ಇಲ್ಲ. ಮೂರು.”

ಎಂಟು ಪ್ರಶ್ನೆಗೂ ಮೂರೇ. ಕೊನೆಯದನ್ನು ಕೇಳಲು ಶೈಲಾಳಿಗೇ ಬೇಸರ. “ಬದುಕೋದೇ ಬ್ಯಾಡ ಅನ್ಸೈತಾ?”

ಕೆಂಪಕ್ಕನ ಕೈ ತಟ್ಟೆಯಲ್ಲಿ ನಿಂತಿತು. “ಅದು ಗೊತ್ತಿಲ್ಲವ್ವಾ. ಸೊನ್ನೆ ಮಾತ್ರ ಹಾಕಬ್ಯಾಡ. ಒಂದು ಇರ್ಲಿ.”

ಕೂಡಿದರೆ ಇಪ್ಪತ್ತೈದು. ಫೋನು ಕೆಂಪಾಯಿತು, ಗುರುವಾರದ ಜಾಗ ಕೆಂಪಕ್ಕನ ಪಾಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈ ಲೆಕ್ಕ ಕಂಡುಹಿಡಿದವರನ್ನೂ ಕೆಂಪಕ್ಕನನ್ನೂ ಒಟ್ಟಿಗೇ ಬೈದುಕೊಳ್ಳುತ್ತಾ ಶೈಲಾ ಮನೆಗೆ ಹೋದಳು.

ಗುರುವಾರ ಬೆಳಿಗ್ಗೆ ಮುದುಕಿ ಹೊಸ ಹಟ ತೆಗೆದಳು. “ನಾ ಒಬ್ಳೇ ಬಸ್ ಹತ್ತಾಕೆ ಆಗಲ್ಲ. ಪುಷ್ಪಾನೂ ಬರ್ಲಿ.” ಹೋದ ವಾರ ತಾನೇ ಒಬ್ಬಳೇ ಸಂತೆಗೆ ಹೋಗಿಬಂದವಳು. ಮಗ ಮಾಲತೇಶ್ ಬೈಕ್ ಒರೆಸುತ್ತಾ, “ಅವ್ವಂಗೆ ವಯಸ್ಸಾತು, ತಲೆ ಕೆಟ್ಟೈತೆ. ಕರ್ಕೊಂಡು ಹೋಗ್ರಿ,” ಎಂದು ನಕ್ಕ.

ಜಗಳೂರಿನಲ್ಲಿ ಪುಷ್ಪಾ ಬೆಂಚಿನ ಆ ತುದಿಯಲ್ಲಿ ಗೋಡೆ ನೋಡುತ್ತಾ ಕೂತಳು. ಶೈಲಾ ಈ ತುದಿಯಲ್ಲಿ ದನಿ ತಗ್ಗಿಸಿ ಹೇಳಿಯೇಬಿಟ್ಟಳು. “ನಿಮ್ಮ ಸುಳ್ಳಿಂದ ಅವಳ ಜಾಗ ಹೋತು ಅಜ್ಜಿ. ನಾಚ್ಕೆ ಆಗಲ್ವಾ?”

“ಕೆಂಪಕ್ಕ ಯಾರು?” ಒಳಗಿಂದ ಸಮಾಲೋಚಕಿ ದುರ್ಗಾಂಬಿಕಾ ಕೂಗಿದರು.

ಕೆಂಪಕ್ಕ ಸೊಸೆಯ ಬಳಿ ಹೋಗಿ ತೋಳು ಹಿಡಿದು ಎಬ್ಬಿಸಿದಳು. “ಹೋಗವ್ವಾ. ನಿನ್ನನ್ನೇ ಕರೆದಿದ್ದು.”

ಶೈಲಾ ಅಡ್ಡ ಬಂದಳು. “ಹೆಸರು ನಿಮ್ದು ಅಜ್ಜಿ. ವಯಸ್ಸು ಅರವತ್ನಾಲ್ಕು ಅಂತ ಐತೆ.”

“ಹೆಸರು ನಂದು, ಹೇಳಿದ್ದೆಲ್ಲಾ ಇವಳ್ದು. ದಿನಾ ಪಕ್ಕದಾಗೇ ಮಲಗ್ತೀನಿ, ನನಗೆ ಗೊತ್ತಾಗಲ್ವಾ?” ಕೆಂಪಕ್ಕ ಪಿಸುಗುಟ್ಟಿದಳು. “ಮಾಲತೇಶನ ಚಿಕ್ಕವ್ವ ಆಗ್ಲೇ ಶುರು ಮಾಡ್ಯಾಳೆ. ಇದಕ್ಕೆ ತಲೆ ಕೆಟ್ಟೈತೆ, ತವರಿಗೆ ಬಿಟ್ಟು ಬಾ, ಬ್ಯಾರೆ ಹೆಣ್ಣು ನೋಡಾನ ಅಂತ. ನಿನ್ನ ಫೋನ್ನಾಗೆ ಇವಳ ಹೆಸರಿಗೆ ಕೆಂಪು ಬಿದ್ರೆ ಮುಗೀತು. ನನ್ನ ಹುಚ್ಚಿ ಅಂದ್ರೆ ಯಾವ ತವರಿಗೆ ಕಳಿಸ್ತಾರೆ?”

“ಮೊದ್ಲೇ ನನಗೆ ಹೇಳಬಾರದಿತ್ತಾ?” ಶೈಲಾಳ ಸಿಟ್ಟು ಇಳಿದಿರಲಿಲ್ಲ, ತನ್ನ ಮೇಲೆಯೇ ತಿರುಗಿತ್ತು.

“ಹೇಳಿದ್ರೆ ಅದನ್ನೂ ಬರ್ಕೊಂತಿದ್ದೆ.”

ದುರ್ಗಾಂಬಿಕಾ ಬಾಗಿಲಿಗೆ ಬಂದರು. ಕೈಯಲ್ಲಿದ್ದ ಕಾಗದ ನೋಡಿದರು, ಮುದುಕಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು. “ನಿಮ್ಮಲ್ಲಿ ಕೆಂಪಕ್ಕ ಯಾರ್ರೀ?”

“ಇವರೇ,” ಎಂದು ಶೈಲಾ ಪುಷ್ಪಾಳನ್ನು ಮುಂದೆ ಬಿಟ್ಟಳು.

ದುರ್ಗಾಂಬಿಕಾ ಮತ್ತೇನೂ ಕೇಳದೆ ಒಳಗೆ ಕರೆದುಕೊಂಡರು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಮೊದಲ ಪ್ರಶ್ನೆ ಹೊರಗೂ ಕೇಳಿಸಿತು. ಎರಡನೆಯದೂ ಕೇಳಿಸಿತು. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಬೆಂಚಿನ ಮೇಲೆ ಇಬ್ಬರೂ ಕಾದರು. ಎಷ್ಟೋ ಹೊತ್ತಿನ ಮೇಲೆ ಪುಷ್ಪಾಳ ದನಿ ಬಂತು.

“ಹಾಲು ಇನ್ನೂ ನಿಂತಿಲ್ಲ ರೀ.”

ಇದು ಕೆಂಪಕ್ಕನಿಗೂ ಗೊತ್ತಿರಲಿಲ್ಲ. ಅವಳು ಎದ್ದು ಹೋಗಿ, ಸದ್ದಾಗದಂತೆ ಬಾಗಿಲು ಎಳೆದಳು.