ಉಕ್ಕಿಗೆ ಸೀಸ ಬೇಡ

ಮುಳುಗುಗಾರರ ಗಾಳಿ ಸಿಲಿಂಡರುಗಳಲ್ಲಿ ಮೂರನೆಯದಕ್ಕೂ ಅಲ್ಯುಮಿನಿ ಮರದ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟ. ಅದೂ ಟಣ್ಣೆಂದು ಗಂಟೆಯ ಹಾಗೆ ನುಡಿಯಿತು. ಒಳಗೆ ತುಕ್ಕು ಹಿಡಿದಿದ್ದರೆ ದಬ್ ಎನ್ನಬೇಕಿತ್ತು. ದಬ್ ಎಂದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಮಡಕೆ ಕೊಳ್ಳೋಕೆ ಬಂದೋರ ಹಾಗೆ ಇನ್ನೂ ಎಷ್ಟು ಹೊತ್ತು ಬಡೀತೀರಿ?" ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ದೋಣಿಯವನು ಕೇಳಿದ. "ಗಾಳಿ ಏಳೋದ್ರೊಳಗೆ ಹೋಗಿ ಬರಬೇಕು."

"ಬೆನ್ನಿಗೆ ಕಟ್ಟಿಕೊಳ್ಳೋನು ನೀನಾ, ನಾನಾ?"

ದೋಣಿಯವನು ತಿರುಗಿ ಸಮುದ್ರದ ಕಡೆ ನೋಡಿದ. ಅವನ ಹಿಂದೆ ಅಂತ್ಯಕ್ರಿಯೆಗೆ ಬಂದವರೆಲ್ಲ ಇಣುಕುತ್ತಿದ್ದರು. ಎಲ್ಲರಿಗಿಂತ ಮುಂದೆ, ಕಂಪ್ರೆಸರಿನ ಪಕ್ಕದ ಸ್ಟೂಲಿನ ಮೇಲೆ ಸತ್ತವನ ಹೆಂಡತಿ ಕೂತಿದ್ದಳು. ತೊಡೆಯ ಮೇಲೆ ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿ. ಮೂರು ದಿನದ ಹಿಂದಿನವರೆಗೂ ಉಕ್ಕಣ್ಣ ಎಂದು ಇಡೀ ಬಂದರು ಕರೆಯುತ್ತಿದ್ದ ಆರಡಿ ಆಳು ಈಗ ಆ ಡಬ್ಬಿಯೊಳಗೆ ಬೂದಿಯಾಗಿದ್ದ.

ಅವನ ಕೊನೆಯ ಆಸೆ ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಿಕ್ಕಿತ್ತು. ಮಗಳು ಬೆಳಿಗ್ಗೆಯೇ ಎಲ್ಲರ ಮುಂದೆ ಓದಿದ್ದಳು. 'ನನ್ನನ್ನು ಕಡಲ ತಳದ ಹಳೇ ಲಂಗರುಗಲ್ಲಿನ ಪಕ್ಕ ಇಡಬೇಕು. ಇಡುವವನು ಎದುರಂಗಡಿಯ ಅಲ್ಯುಮಿನಿಯೇ ಆಗಬೇಕು. ಅವನ ಬೆನ್ನಿಗೆ ನನ್ನ ಉಕ್ಕಿನ ಸಿಲಿಂಡರೇ ಇರಬೇಕು. ಯಾವುದು ಅನ್ನುವುದನ್ನು ಅವನೇ ಆರಿಸಲಿ.'

ಹನ್ನೊಂದು ವರ್ಷ ಮಾತು ಬಿಟ್ಟವನು ಸತ್ತ ಮೇಲೆ ಕರೆ ಕಳಿಸಿದ್ದ. ಇದು ಕ್ಷಮೆಯೋ ಶಿಕ್ಷೆಯೋ ಅಲ್ಯುಮಿನಿಗೆ ತಿಳಿಯಲಿಲ್ಲ. ತಿಳಿಯದೆ ನೀರಿಗಿಳಿಯಲು ಅವನಿಗೆ ಮನಸ್ಸಿರಲಿಲ್ಲ.

*

ಇಬ್ಬರೂ ಒಂದೇ ದೋಣಿಯಿಂದ ಹಾರಿ ಮುಳುಗುವುದನ್ನು ಕಲಿತವರು. ಆಮೇಲೆ ಒಂದೇ ಬೀದಿಯಲ್ಲಿ ಎದುರು ಬದುರು ಮುಳುಗುಗಾರರಿಗೆ ಗಾಳಿ ತುಂಬಿಸಿಕೊಡುವ ಅಂಗಡಿ ಹಾಕಿದರು. ಹೊಳೆಯುವ ಅಲ್ಯುಮಿನಿಯಂ ಸಿಲಿಂಡರುಗಳು ಬಂದಾಗ ಒಬ್ಬ ಅತ್ತ ವಾಲಿದ, ಇನ್ನೊಬ್ಬ ಹಳೆಯ ಉಕ್ಕನ್ನು ಅಪ್ಪಿಕೊಂಡು ಕೂತ; ಬಂದರು ಇಬ್ಬರಿಗೂ ಅದರದೇ ಹೆಸರಿಟ್ಟಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆಗೆ ಈ ಬೀದಿಯಲ್ಲಿ ಒಂದೇ ತೊಡಕು. ಇಲ್ಲಿ ಇಬ್ಬರೂ ನೀರಿಗೇ ಎಳೆಯುವವರು.

"ನಿನ್ನದು ಗಾಳಿ ಮುಗೀತಾ ಬಂದ ಹಾಗೆ ಬೆಂಡಿನ ಥರ ತೇಲತ್ತೆ," ಎಂದು ಉಕ್ಕಣ್ಣ ಗಿರಾಕಿಗಳ ಎದುರಿಗೇ ಛೇಡಿಸುತ್ತಿದ್ದ. "ಅದನ್ನ ಕೆಳಗಿಡೋಕೆ ಸೊಂಟಕ್ಕೆ ಸೀಸ ಕಟ್ಟಬೇಕು. ಉಕ್ಕು ತನ್ನ ಭಾರ ತಾನೇ ನೋಡ್ಕೊಳ್ಳತ್ತೆ. ಒಳಗೆ ಒಣಗಿರಬೇಕು, ಪೂರ್ತಿ ಖಾಲಿ ಮಾಡಬಾರದು, ಅಷ್ಟೇ. ನಮ್ಮಿಬ್ಬರಿಗಿಂತ ಹೆಚ್ಚು ಬಾಳತ್ತೆ."

ಒಂದು ದಿನ ಅವನ ಕಂಪ್ರೆಸರ್ ಕೈಕೊಟ್ಟಿತು. ಬೂದುಬಣ್ಣದ ಸಿಲಿಂಡರೊಂದನ್ನು ಹೆಗಲಿಗೇರಿಸಿ, ರಸ್ತೆ ದಾಟಿ ಬಂದು, ಗಾಳಿ ತುಂಬಿಸಿಕೊಡು ಎಂದ. ಅಂಗಡಿಯಲ್ಲಿ ಎಂಟು ಜನ ಗಿರಾಕಿಗಳಿದ್ದರು. ಹಿಂದೆ ಛೇಡಿಸಿದ್ದಕ್ಕೆಲ್ಲ ಸೇರಿಸಿ ಒಂದೇ ಏಟು ಕೊಡಬೇಕೆನ್ನಿಸಿತು ಅಲ್ಯುಮಿನಿಗೆ.

"ಇದು ಸಿಲಿಂಡರಲ್ಲ ಮಾರಾಯ, ಬಾಂಬು. ನನ್ನ ಅಂಗಡೀಲಿ ತುಂಬಲ್ಲ," ಎಂದುಬಿಟ್ಟ.

ಗಿರಾಕಿಗಳು ನಕ್ಕರು. ಉಕ್ಕಣ್ಣ ನಗಲಿಲ್ಲ. ಸಿಲಿಂಡರನ್ನು ಮತ್ತೆ ಹೆಗಲಿಗೇರಿಸಿ ರಸ್ತೆ ದಾಟಿ ಹೋದ. ತಪ್ಪಾಯ್ತು ಎನ್ನುವ ಮಾತು ಅಂದು ಸಂಜೆಯೇ ಅಲ್ಯುಮಿನಿಯ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತು ಹೆಜ್ಜೆಯ ರಸ್ತೆ ದಾಟಲು ಕಾಲು ಏಳಲಿಲ್ಲ.

*

ಶೆಡ್ಡಿನಲ್ಲಿದ್ದ ಹನ್ನೊಂದು ಸಿಲಿಂಡರನ್ನೂ ಬಡಿದಾಯಿತು. ಒಂದೂ ದಬ್ ಎನ್ನಲಿಲ್ಲ. ಒಂದರ ಗಾಳಿ ಸ್ವಲ್ಪ ಬಿಟ್ಟು ಮೂಸಿದ. ಎಣ್ಣೆಯ ವಾಸನೆಯಿಲ್ಲ, ತುಕ್ಕಿನ ವಾಸನೆಯೂ ಇಲ್ಲ. ಇನ್ನು ಉಳಿದದ್ದು ಮುದ್ರೆ. ನೀರಿನ ಒತ್ತಡದಲ್ಲಿ ಪರೀಕ್ಷೆ ಮಾಡಿದವನು ಸಿಲಿಂಡರಿನ ಹೆಗಲ ಮೇಲೆ ತಿಂಗಳು, ವರ್ಷ ಮತ್ತು ತನ್ನ ಗುರುತನ್ನು ಕೊರೆದಿರಬೇಕು. ಬಂದರಿನಲ್ಲಿ ಆ ಪರೀಕ್ಷೆಯ ಯಂತ್ರ ಇದ್ದದ್ದು ಅಲ್ಯುಮಿನಿಯ ಬಳಿ ಮಾತ್ರ.

"ಟೆಸ್ಟೇ ಆಗಿರಲ್ಲ, ನೋಡ್ತಿರಿ," ಎಂದು ಗೆದ್ದವನ ಹಾಗೆ ಉಗುರಿನಿಂದ ಬಣ್ಣ ಕೆರೆದ. ಬೂದುಬಣ್ಣ ಸಿಪ್ಪೆಯೆದ್ದು ಅದರಡಿ ಹಳದಿ ಕಂಡಿತು. ಹಳದಿಯ ಮೇಲೆ ಕೊರೆದ ಹೋದ ವರ್ಷದ ತಾರೀಕು. ತಾರೀಕಿನ ಪಕ್ಕ ಒಂದು ಪುಟ್ಟ ಮೀನು.

ಆ ಮೀನು ಅವನದೇ ಗುರುತು. ಅದರ ಬಾಲ ಸೊಟ್ಟಗಿರುವುದೂ ಅವನದೇ ಕೈಯ ತಪ್ಪು.

ಅಲ್ಯುಮಿನಿಯ ಮುಖ ಹುಳ್ಳಗಾಯಿತು. ಎರಡನೆಯದನ್ನು ಕೆರೆದ. ಹಳದಿ, ಮೀನು. ಮೂರನೆಯದು, ಮೀನು.

"ಅತ್ತಿಗೆ," ಎಂದ ಉಕ್ಕಣ್ಣನ ಹೆಂಡತಿಯತ್ತ ತಿರುಗಿ ಮೆಲ್ಲಗೆ, "ನಿಮ್ಮ ತಮ್ಮ ದೋಣಿಗಳ ತಳ ಉಜ್ಜೋ ಕೆಲಸ ಮಾಡ್ತಾನೆ, ಅವನ ಸಿಲಿಂಡರು ಅಂತ ನೀವು ತರ್ತಿದ್ರಲ್ಲ, ಹಳದಿವು..."

"ನನಗೆ ತಮ್ಮನೇ ಇಲ್ಲ," ಎಂದಳು ಅತ್ತಿಗೆ.

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಸಾವಿನ ಮನೆ ಎಂದು ನೆನಪಾಗಿ ಅದನ್ನು ಕೆಮ್ಮು ಮಾಡಿಕೊಂಡರು.

"ಐದು ವರ್ಷಕ್ಕೊಂದು ಸಲ ಹಳದಿ ಬಳಿಯೋದು, ಟೆಸ್ಟಾದ ಮೇಲೆ ಮತ್ತೆ ಬೂದು ಬಳಿಯೋದು," ಎಂದಳು. "ನನ್ನ ಹಳೇ ಸೀರೆಗಳೆಲ್ಲ ಬ್ರಶ್ ಒರೆಸೋಕೇ ಹೋದ್ವು. ನೀನು ಹೋದ ಸಲ ಏನಂದೆ, ನೆನಪಿದ್ಯಾ?"

ನೆನಪಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ಚೆನ್ನಾಗಿ ನೆನಪಿತ್ತು.

"'ಒಳಗೆ ಒಂದು ಚುಕ್ಕೆ ತುಕ್ಕಿಲ್ಲ ಅತ್ತಿಗೆ, ಸಿಲಿಂಡರ್ ಇಟ್ಕೊಳ್ಳೋದು ಹೇಗೆ ಅಂತ ನಿಮ್ಮ ಯಜಮಾನರು ನಿಮ್ಮ ತಮ್ಮನ್ನ ನೋಡಿ ಕಲೀಲಿ' ಅಂದೆ. ಅದನ್ನ ಬಂದು ಹೇಳ್ದೆ. ಆ ಮನುಷ್ಯ ನಕ್ಕಿದ್ದು ನಕ್ಕಿದ್ದೇ. ಊಟ ನೆತ್ತಿಗೆ ಹತ್ತಿ ಬೆನ್ನು ತಟ್ಟಬೇಕಾಯ್ತು."

"ಬೇರೆ ಊರಿಗೆ ಕಳಿಸಬಹುದಿತ್ತಲ್ಲ?"

"ನಾನೂ ಕೇಳ್ದೆ. 'ಅವನ ಬಾಯಿ ಕೆಟ್ಟದ್ದು, ಕಣ್ಣು ಒಳ್ಳೇದು. ನೀರಿನ ಕೆಳಗೆ ನನ್ನ ಜೀವ ಇರೋದು ಈ ಸಿಲಿಂಡರಲ್ಲಿ. ಅದನ್ನ ಇನ್ಯಾರ ಕೈಗೂ ಕೊಡಲ್ಲ' ಅಂದ್ರು." ಅವಳು ಡಬ್ಬಿಯ ಮುಚ್ಚಳದ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದಳು. "ಯಾವುದಾದ್ರೂ ಒಂದು ತಗೋ. ಎಲ್ಲಾನೂ ನೀನೇ ಪಾಸ್ ಮಾಡಿರೋದು."

ಅಲ್ಯುಮಿನಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡ. ಯಾವುದೆಂದು ಅವನಿಗೆ ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು.

*

ಲಂಗರುಗಲ್ಲಿನ ಹತ್ತಿರ ನೀರು ನಾಲ್ಕಾಳು ಆಳ. ಮಗಳು ಸಿಲಿಂಡರು ಸಿಕ್ಕಿಸಿದ ಅಪ್ಪನ ಹಳೆಯ ಪಟ್ಟಿಯನ್ನು ಅಲ್ಯುಮಿನಿಯ ಬೆನ್ನಿಗೆ ಬಿಗಿದಳು. ಬರೀ ಪಟ್ಟಿ, ಗಾಳಿಯೂದಿ ತೇಲಿಸುವ ಚೀಲವೆಲ್ಲ ಅದಕ್ಕಿಲ್ಲ.

"ಚಿಕ್ಕಪ್ಪ, ಎಲ್ಲಾ ಸರಿ ಇದ್ಯಾ?"

"ನಿಮ್ಮಪ್ಪನಿಗಿಂತ ಮುಂಚೆ ನೀರಿಗೆ ಹಾರಿದೋನು ನಾನು," ಎಂದು ಅವನು ಡಬ್ಬಿಯನ್ನು ಎದೆಗವಚಿಕೊಂಡು ಹಾರಿದ.

ಇಳಿದ ರಭಸಕ್ಕೆ ಅವನೇ ಬೆಚ್ಚಿದ. ಬಾವಿಗೆ ಬಿದ್ದ ಕೊಡದ ಹಾಗೆ ನೇರ ತಳಕ್ಕೆ ಹೋಗಿ ಮರಳಿನಲ್ಲಿ ಕುಕ್ಕರಬಡಿದ. ಏಳಲು ನೋಡಿದ, ಆಗಲಿಲ್ಲ. ಕಾಲು ಬಡಿದ. ಮರಳೆದ್ದಿತೇ ಹೊರತು ಅವನು ಏಳಲಿಲ್ಲ. ಸೊಂಟ ಮುಟ್ಟಿ ನೋಡಿಕೊಂಡ.

ಆರು ಸೀಸದ ಗಟ್ಟಿಗಳ ಬೆಲ್ಟು. ವರ್ಷಗಟ್ಟಲೆಯ ಅಭ್ಯಾಸದಲ್ಲಿ ಕೈ ತಾನಾಗಿಯೇ ಅದನ್ನು ಕಟ್ಟಿಬಿಟ್ಟಿತ್ತು. ಬೆನ್ನಿಗೆ ಉಕ್ಕು, ಸೊಂಟಕ್ಕೆ ಸೀಸ. ಎಲ್ಲಿಯೋ ಉಕ್ಕಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿರಬೇಕು.

ಆ ಹೊತ್ತಿಗೆ ಮೇಲೆ ದೋಣಿಯಲ್ಲಿ ಆದ ಮಾತು ಅವನಿಗೆ ಆಮೇಲೆ ತಿಳಿಯಿತು.

"ಇನ್ನೂ ಒಂದೇ ಕಡೆ ಗುಳ್ಳೆ ಬರ್ತಿದೆ," ಎಂದಿದ್ದ ದೋಣಿಯವನು. "ಪ್ರಾರ್ಥನೆ ಮಾಡ್ತಿದಾರೆ ಪಾಪ. ಎಷ್ಟೇ ಆಗ್ಲಿ ಗೆಳೆಯ."

"ಪ್ರಾರ್ಥನೆ ಎಂಥದ್ದು," ಎಂದಿದ್ದಳು ಅತ್ತಿಗೆ. "ಹನ್ನೊಂದು ವರ್ಷದ ಜಗಳ ಬಾಕಿ ಇದೆಯಲ್ಲ, ಆಡ್ಕೊಳ್ಳಲಿ ಬಿಡು."

ಕೆಳಗೆ ಅಲ್ಯುಮಿನಿ ಮರಳಿನ ಮೇಲೆ ಕೂತೇ ಡಬ್ಬಿಯನ್ನು ಲಂಗರುಗಲ್ಲಿಗೆ ಒರಗಿಸಿ ಇಟ್ಟ. ಉಕ್ಕಣ್ಣ ಬದುಕಿದ್ದಾಗಲೂ ಒಂದು ಕಡೆ ನೆಟ್ಟಗೆ ನಿಂತವನಲ್ಲ. ನೀರಿನ ಸೆಳೆತಕ್ಕೆ ಡಬ್ಬಿ ಪಕ್ಕಕ್ಕೆ ವಾಲಿ ಉರುಳಿತು. ಎತ್ತಿಟ್ಟ. ಮತ್ತೆ ಉರುಳಿತು. ಮೂರನೆಯ ಸಲ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಪ್ಪಾಯ್ತು ಎಂದ. ಬಾಯಲ್ಲಿ ಕೊಳವೆಯಿದ್ದುದರಿಂದ ಬರೀ ಗುಳ್ಳೆಗಳು ಮೇಲೆ ಹೋದವು.

ಆಮೇಲೆ ಸೊಂಟದ ಬೆಲ್ಟು ಬಿಚ್ಚಿ ಡಬ್ಬಿಯನ್ನೂ ಕಲ್ಲನ್ನೂ ಸೇರಿಸಿ ಸುತ್ತಿ ಬಕಲ್ ಬಿಗಿದ. ಮೈ ಹಗುರಾಯಿತು. ಮರಳಿಗೆ ಕಾಲೊತ್ತಿದವನು ನಿಧಾನವಾಗಿ ಏಳತೊಡಗಿದ. ಅರ್ಧ ದಾರಿಯಲ್ಲಿ ಒಮ್ಮೆ ಬಗ್ಗಿ ನೋಡಿದ. ಸೀಸ ಬೇಡ, ಸೀಸ ಬೇಡ ಎಂದು ಬದುಕಿನುದ್ದಕ್ಕೂ ಸಾರಿದವನು ಆರು ಗಟ್ಟಿ ಸೀಸವನ್ನು ನಡುವಿಗೆ ಕಟ್ಟಿಕೊಂಡು ಒಂದಿಷ್ಟೂ ಅಲುಗದೆ ನಿಂತಿದ್ದ.